ಅದೇ ಫ್ಲಾಶ್‌ನಿಂದ ಎದ್ದು ಬಂದು, ಫ್ಲಾಶ್ ಗೊತ್ತಿಲ್ಲ ಅನ್ನುತ್ತದೆ!

ಹೊಸ ಲಾಟ್ ಬೋರ್ಡು ಬಂದಿದ್ದೇ ತಡ, ಒಂದೂ ಪೂರ್ತಿ ಬೂಟ್ ಆಗುತ್ತಿಲ್ಲ. ಪ್ರೊಡಕ್ಷನ್‌ನಿಂದ ಮೊದಲ ಫೋನ್ ಯಾರಿಗೆ? ನಮಗೇ. "ನಿಮ್ಮ ಫರ್ಮ್‌ವೇರ್‌ನಲ್ಲಿ ಏನೋ ಪ್ರಾಬ್ಲಮ್, ನೋಡಿ ಸಾರ್." ಬೋರ್ಡಿನ ಫ್ಲಾಶ್‌ಗೆ, ಅಂದರೆ ಪ್ರೋಗ್ರಾಂ ಇಟ್ಟುಕೊಳ್ಳುವ ಮೆಮೊರಿ ಚಿಪ್‌ಗೆ, ಹಳೇ ಲಾಟ್‌ನಲ್ಲಿ ಹಾಕಿದ್ದ ಬೈನರಿಯನ್ನೇ ಈಗಲೂ ಹಾಕಿದ್ದಾರೆ. ಒಂದಕ್ಷರ ಬದಲಾಗಿಲ್ಲ. ಆದರೂ ತಪ್ಪು ನಮ್ಮದೇ!

ಸೀರಿಯಲ್ ಕೇಬಲ್ ಸಿಕ್ಕಿಸಿ ನೋಡಿದರೆ ಯು-ಬೂಟ್, ಅಂದರೆ ಬೋರ್ಡಿನ ಮುಖ್ಯ ಸಾಫ್ಟ್‌ವೇರನ್ನು ಎಬ್ಬಿಸುವ ಬೂಟ್‌ಲೋಡರ್, ಆರಾಮಾಗಿ ಎದ್ದು ಬರುತ್ತದೆ. ಬ್ಯಾನರ್ ಹಾಕುತ್ತದೆ, ಡಿರ‍್ಯಾಮ್ ಎಷ್ಟಿದೆ ಅಂತಲೂ ಹೇಳುತ್ತದೆ. ಆಮೇಲೆ "ಅನ್‌ರೆಕಗ್ನೈಸ್ಡ್ ಜೆಡೆಕ್ ಐಡಿ ಬೈಟ್ಸ್" ಅಂತ, ಅಂದರೆ ಈ ಫ್ಲಾಶ್ ಚಿಪ್ಪಿನ ಗುರುತಿನ ಸಂಖ್ಯೆ ಗೊತ್ತಿಲ್ಲ ಅಂತ, ಒಂದು ಸಾಲು ಉಗುಳಿ ಪ್ರಾಂಪ್ಟ್‌ನಲ್ಲಿ ಕೂತುಬಿಡುತ್ತದೆ. ಅಲ್ಲಾ ಮಾರಾಯ, ನೀನು ಈಗ ಎದ್ದು ಬಂದಿದ್ದೇ ಆ ಫ್ಲಾಶ್‌ನಿಂದ! ನಮ್ಮ ಎಸ್‌ಓಸಿಯ, ಅಂದರೆ ಬೋರ್ಡಿನ ಮುಖ್ಯ ಚಿಪ್ಪಿನ, ಒಳಗೇ ಇರುವ ಬೂಟ್ ರೋಮ್ ಎಂಬ ಮೊದಲ ಪ್ರೋಗ್ರಾಂ ಐಡಿ ಗೀಡಿ ಏನೂ ಕೇಳುವುದಿಲ್ಲ. 03 ಅನ್ನೋ ರೀಡ್ ಕಮಾಂಡ್ ಕೊಡುತ್ತದೆ, ಓದಿಕೊಳ್ಳುತ್ತದೆ. ಯು-ಬೂಟ್ ಮಾತ್ರ 9ಎಫ್ ಕಳಿಸಿ ಹೆಸರು ಕೇಳಬೇಕು, ಆ ಹೆಸರು ತನ್ನ ಪಟ್ಟಿಯಲ್ಲಿ ಇರಬೇಕು. ಉಂಡ ಮನೆಯ ಜಂತೆ ಎಣಿಸೋದು ಅಂದರೆ ಇದೇ ಅಲ್ವಾ?

ಬಂದ ಬೈಟ್‌ಗಳು ಬರೀ ಎಫ್‌ಎಫ್ ಆಗಿದ್ದರೆ ಅಥವಾ ಬರೀ ಸೊನ್ನೆ ಆಗಿದ್ದರೆ ಮಾತು ಬೇರೆ. ಸೋಲ್ಡರ್ ಬಿಟ್ಟಿದೆ, ಚಿಪ್ ಸೆಲೆಕ್ಟ್ ತಪ್ಪಿದೆ ಅಂತ ಹುಡುಕಬಹುದಿತ್ತು. ಇಲ್ಲಿ ಬಂದಿದ್ದು ಇಎಫ್ 70 18. ಇಎಫ್ ಅಂದರೆ ವಿನ್‌ಬಾಂಡ್ ಕಂಪನಿ, 18 ಅಂದರೆ 16 ಎಂಬಿ. ಎರಡೂ ಸರಿ. ಮಧ್ಯದಲ್ಲಿ 40 ಇರಬೇಕಾದ ಕಡೆ 70 ಇದೆ. ಭೂತಗನ್ನಡಿ ಹಿಡಿದು ಚಿಪ್ ಮೇಲಿನ ಅಕ್ಷರ ಓದಿದೆ. 25ಕ್ಯೂ128ಜೆವಿ ಎಲ್ಲಾ ಅದೇ, ಕೊನೆಯ ಕ್ಯೂ ಹೋಗಿ ಎಂ ಬಂದಿದೆ. ಚಿಪ್ಪಿನದೇನೂ ತಪ್ಪಿಲ್ಲ. ಎರಡು ಐಡಿಗಳೂ ಡೇಟಾಶೀಟ್‌ನಲ್ಲೇ ಇವೆ. ತೆರೆದು ನೋಡುವವರು ಬೇಕಲ್ಲ!

ಪರ್ಚೇಸ್‌ನವರನ್ನು ಕೇಳಿದರೆ, "ಅದು ಸ್ಟಾಕ್ ಇರಲಿಲ್ಲ ಸಾರ್, ಇದೂ ಸೇಮ್ ಟು ಸೇಮ್." ಸೇಮ್ ಟು ಸೇಮ್ ಅಂತೆ! ಒಂದು ಮೇಲ್ ಹಾಕೋಕೆ ಏನು ಕಷ್ಟ ಇವರಿಗೆ? ಬಿಎಸ್‌ಪಿ, ಅಂದರೆ ಬೋರ್ಡಿಗೆ ಬೇಕಾದ ಮೂಲ ಸಾಫ್ಟ್‌ವೇರ್ ಕಟ್ಟು, ಕೊಟ್ಟವರದು ಇನ್ನೊಂದು ಕಥೆ. ಮೂಲ ಯು-ಬೂಟ್‌ನ ಪಟ್ಟಿಯಲ್ಲಿ ಈ ಐಡಿ ಇದೆ. ಇವರು ಯಾವುದೋ ಕಾಲದ ಕಾಪಿಯನ್ನೇ ಜಿಪ್ ಮಾಡಿ ಮಾರುತ್ತಾರೆ. ಟಿಕೆಟ್ ಹಾಕಿದರೆ ಬಂದ ಉತ್ತರ, "ನಾವು ಹೇಳಿದ ಪಾರ್ಟ್ ಮಾತ್ರ ಬಳಸಿ."

ಕೊನೆಗೆ ನಮ್ಮ ಯು-ಬೂಟ್‌ನ ಪಟ್ಟಿಗೆ ಸೇರಿಸಿದ್ದು ಒಂದೇ ಒಂದು ಸಾಲು. ಐಡಿ, 64 ಕೆಬಿ ಬ್ಲಾಕು, ಅಂಥವು 256. ಆ ಒಂದು ಸಾಲಿಗಾಗಿ ಬಾಕ್ಸ್‌ಗೆ ಹೋಗಿದ್ದ ಬೋರ್ಡುಗಳನ್ನೆಲ್ಲ ಬಿಚ್ಚಿ ಮತ್ತೆ ಪ್ರೋಗ್ರಾಂ ಮಾಡಬೇಕು. ಟೆಸ್ಟಿಂಗ್ ಮೊದಲಿನಿಂದ. ರಿಪೋರ್ಟ್‌ನ ರೂಟ್ ಕಾಸ್ ಕಾಲಂನಲ್ಲಿ ಬರೆದಿರೋದು "ಫರ್ಮ್‌ವೇರ್ ಬಗ್"!

ಈಗ ಮುಂದಿನ ಲಾಟ್‌ಗೆ ಬೇರೆ ಕಂಪನಿಯ ಫ್ಲಾಶ್ ನೋಡುತ್ತಿದ್ದಾರಂತೆ, ಕಡಿಮೆಗೆ ಸಿಗುತ್ತದೆ ಅಂತ. ಪಾರ್ಟ್ ನಂಬರ್ ಕೊಡಿ ಅಂದೆ. "ಮಾಲು ಬಂದ ಮೇಲೆ ಹೇಳ್ತೀವಿ ಸಾರ್."