ದುಬಾರಿ ಸಾಲಗಳನ್ನು ಕೂಡಿಸಿ ಒಂದು ಮಾಡಬೇಕೆ? ಪರ – ವಿರೋಧ

ನಾಲ್ಕೈದು ಕಡೆ ದುಬಾರಿ ಬಡ್ಡಿ ಕಟ್ಟುತ್ತಿರುವವರು ಕಡಿಮೆ ಬಡ್ಡಿಯ ಒಂದು ಸಾಲ ಎತ್ತಿ ಅವನ್ನೆಲ್ಲ ತೀರಿಸಿ, ಮನೆಖರ್ಚಿಗೆ ಬಿಗಿಯಾದ ಲೆಕ್ಕ ಇಟ್ಟುಕೊಂಡು ಆ ಒಂದನ್ನೇ ಕಟ್ಟುತ್ತಾ ಹೋಗುವುದು ಸರಿಯಾದ ದಾರಿಯೇ?

ಪರ: ಬಡ್ಡಿ ನುಂಗುತ್ತಿರುವ ದುಡ್ಡು ಅಸಲಿಗೆ ಸೇರಲಿ

ಕ್ರೆಡಿಟ್ ಕಾರ್ಡಿನ ಬಿಲ್ ತೆರೆದರೆ ಎರಡು ಮೊತ್ತ ಕಾಣುತ್ತವೆ: ಒಟ್ಟು ಬಾಕಿ ಮತ್ತು ಕನಿಷ್ಠ ಪಾವತಿ. ಎರಡನೆಯದನ್ನು ಕಟ್ಟಿದರೆ ಫೋನ್ ಬರುವುದಿಲ್ಲ, ದಂಡ ಬೀಳುವುದಿಲ್ಲ, ಈ ತಿಂಗಳು ಪಾರಾದೆವು ಎಂಬ ನೆಮ್ಮದಿ. ಆದರೆ ಬಡ್ಡಿ ತಿಂಗಳಿಗೆ 3% ಇದ್ದರೆ ಒಂದು ಲಕ್ಷದ ಬಾಕಿಗೆ ಬರೀ ಬಡ್ಡಿಯೇ 3,000. ಇದನ್ನು ವರ್ಷಕ್ಕೆ 36% ಎನ್ನುತ್ತೇವೆ. ಏನೂ ಕಟ್ಟದೆ ಬಿಟ್ಟರೆ ಬಡ್ಡಿಗೆ ಬಡ್ಡಿ ಸೇರಿ ವರ್ಷದ ಕೊನೆಗೆ ಅದು 42.6% ಆಗಿರುತ್ತದೆ. ತಿಂಗಳಿಗೆ 3,000 ಕಟ್ಟುವವನ ಸಾಲ ಹತ್ತು ವರ್ಷವಾದರೂ ಒಂದು ಲಕ್ಷವೇ.

ಅವನು ಹೇಗೋ ಹೊಂದಿಸಿ 3,500 ಕಟ್ಟುತ್ತಾನೆ ಅಂದುಕೊಳ್ಳಿ. ಸಾಲ ತೀರಲು 66 ತಿಂಗಳು, ಅಂದರೆ ಐದೂವರೆ ವರ್ಷ. ಒಟ್ಟು ಕೈಯಿಂದ ಹೋಗುವುದು 2,30,000ಕ್ಕೂ ಹೆಚ್ಚು. ಈಗ ಅದೇ ಒಂದು ಲಕ್ಷವನ್ನು ವರ್ಷಕ್ಕೆ 15% ಬಡ್ಡಿಯ ಸಾಲಕ್ಕೆ ವರ್ಗಾಯಿಸಿ, ಅದೇ 3,500 ಕಟ್ಟಲಿ. 36 ತಿಂಗಳಿಗೆ ತೀರುತ್ತದೆ, ಒಟ್ಟು ಸುಮಾರು 1,24,500. ಸಂಬಳ ಏರಿಲ್ಲ, ಖರ್ಚು ಇಳಿದಿಲ್ಲ, ತಿಂಗಳ ಕಂತಿನಲ್ಲಿ ಒಂದು ಕಾಸೂ ಬದಲಾಗಿಲ್ಲ. ಆದರೂ ಎರಡೂವರೆ ವರ್ಷದ ಕಂತು ಉಳಿಯಿತು. ಇಷ್ಟು ದೊಡ್ಡ ಲಾಭ ಕೊಡುವ ಉಳಿತಾಯದ ಉಪಾಯ ಇನ್ನೊಂದನ್ನು ನಾನು ಕಂಡಿಲ್ಲ.

ಈ ಲೆಕ್ಕ ಜನರಿಗೆ ತಾನಾಗಿ ಹೊಳೆಯುವುದಿಲ್ಲ ಎಂಬುದು ಸರ್ಕಾರಗಳಿಗೂ ಗೊತ್ತು. ಅಮೆರಿಕ 2009ರಲ್ಲಿ ಕಾನೂನು ಮಾಡಿ, ಕನಿಷ್ಠ ಪಾವತಿಯನ್ನಷ್ಟೇ ಕಟ್ಟಿದರೆ ಸಾಲ ತೀರಲು ಎಷ್ಟು ಕಾಲ ಬೇಕು, ಮೂರು ವರ್ಷದಲ್ಲಿ ತೀರಿಸಲು ತಿಂಗಳಿಗೆ ಎಷ್ಟು ಕಟ್ಟಬೇಕು ಎಂಬುದನ್ನು ಕಾರ್ಡಿನ ಬಿಲ್ಲಿನಲ್ಲೇ ಅಚ್ಚು ಹಾಕುವಂತೆ ಮಾಡಿತು.

ಬಾಕಿ ಉಳಿಸಿಕೊಂಡವರಿಗೆ ಇನ್ನೊಂದು ಪೆಟ್ಟು ಬೀಳುತ್ತಿರುತ್ತದೆ, ಬಹಳ ಮಂದಿ ಅದನ್ನು ಗಮನಿಸಿರುವುದಿಲ್ಲ. ಪೂರ್ತಿ ಬಿಲ್ ಕಟ್ಟುವವರಿಗೆ ಕಾರ್ಡ್ ಕೊಡುವ ಬಡ್ಡಿರಹಿತ ದಿನಗಳು ಇವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಳೆಯ ಬಾಕಿ ಇರುವಾಗ ಇವತ್ತು ಏನೇ ಕೊಂಡರೂ ಇವತ್ತಿನಿಂದಲೇ ಬಡ್ಡಿ ಶುರು. ಇದರ ಜೊತೆಗೆ ನಾಲ್ಕು ಸಾಲಕ್ಕೆ ನಾಲ್ಕು ಗಡುವು. ಒಂದು ಐದನೇ ತಾರೀಕು, ಇನ್ನೊಂದು ಹನ್ನೆರಡು, ಮತ್ತೊಂದು ತಿಂಗಳ ಕೊನೆಗೆ, ಖಾತೆ ಬರಿದಾಗಿರುವ ಹೊತ್ತಿಗೆ. ಒಂದು ತಪ್ಪಿದರೆ ತಡಪಾವತಿ ಶುಲ್ಕ, ಕ್ರೆಡಿಟ್ ಸ್ಕೋರಿಗೆ, ಅಂದರೆ ಸಾಲ ಸರಿಯಾಗಿ ಕಟ್ಟುತ್ತೀರಾ ಎಂದು ಅಳೆಯುವ ಅಂಕಕ್ಕೆ, ಏಟು. ಆಮೇಲೆ ಸಾಲ ಕೇಳಿದರೆ ಇನ್ನೂ ದುಬಾರಿ ದರ. ಒಂದೇ ಕಂತು, ಸಂಬಳವಾದ ಮರುದಿನವೇ ಖಾತೆಯಿಂದ ತಾನಾಗಿ ಹೋಗುವಂತಿದ್ದರೆ ಈ ಸೋರಿಕೆ ನಿಲ್ಲುತ್ತದೆ.

'ಹೊಸ ಸಾಲ ಯಾಕೆ, ಖರ್ಚು ಕಡಿಮೆ ಮಾಡಿದರೆ ಸಾಲದೆ?' ಎನ್ನುವವರು ಬಹಳ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಸಾಲ ಆಗುವ ಮೊದಲು ಹೇಳಬೇಕಾದ ಮಾತು. ಆದ ಮೇಲೆ, ಮಿಗುವ ದುಡ್ಡೆಲ್ಲ ಬಡ್ಡಿಗೇ ಹೋಗುತ್ತಿರುವವರಿಗೆ ಇನ್ನಷ್ಟು ಬಿಗಿ ಮಾಡಿ ಎಂದರೆ ಅವರು ಎಲ್ಲಿಂದ ತರಬೇಕು?

ಹಾಗೆಂದು ಖರ್ಚಿನ ಲೆಕ್ಕ ಬೇಡವೆಂದಲ್ಲ. ಕಂತು ಎಷ್ಟಿರಬೇಕು ಎಂದು ಹೇಳುವುದೇ ಅದು. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಪ್ರತಿ ಸಾಲಿನ ಪಕ್ಕ ಏನಕ್ಕೆ ಎಂದು ಬರೆಯಿರಿ. ನೆನಪಿನಿಂದ ಬರೆದ ಲೆಕ್ಕ ಯಾವಾಗಲೂ ನಮ್ಮನ್ನು ಒಳ್ಳೆಯವರನ್ನಾಗಿಯೇ ತೋರಿಸುತ್ತದೆ. ಬಾಡಿಗೆ, ದಿನಸಿ, ಓಡಾಟ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ವರ್ಷಕ್ಕೊಮ್ಮೆ ಬರುವವು: ಶಾಲೆಯ ಶುಲ್ಕ, ವಿಮೆಯ ಕಂತು, ಗಾಡಿ ರಿಪೇರಿ, ಹಲ್ಲಿನ ಡಾಕ್ಟರು. ಇವು ಅಚಾನಕ್ ಬರುವ ಖರ್ಚೇ ಅಲ್ಲ, ತಿಂಗಳಷ್ಟೇ ಗೊತ್ತಿಲ್ಲ. ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಖರ್ಚಿನಲ್ಲೇ ಒಂದು ಸಾಲು ಬರೆದಿಡದ ಬಜೆಟ್ ಜೂನ್ ಹೊತ್ತಿಗೆ ಮುರಿದುಬೀಳುತ್ತದೆ. ಮುರಿದ ಕೂಡಲೇ ಕೈ ಮತ್ತೆ ಕಾರ್ಡಿಗೆ.

ಸಾಲ ಕಟ್ಟುವಾಗಲೂ ಸ್ವಲ್ಪ ದುಡ್ಡು ಬೇರೆ ಎತ್ತಿಡಿ ಎಂದರೆ ಲೆಕ್ಕ ಬಲ್ಲವರು ನಗುತ್ತಾರೆ: 4% ಬಡ್ಡಿಯ ಉಳಿತಾಯ ಖಾತೆಯಲ್ಲಿ ದುಡ್ಡಿಟ್ಟು 36% ಬಡ್ಡಿ ಕಟ್ಟುವುದೇ? ಕಾಗದದ ಮೇಲೆ ಅವರು ಸರಿ. ಆದರೆ ಆ ಸಣ್ಣ ಗಂಟು ಇಲ್ಲದವರಿಗೆ ಜ್ವರ ಬಂದರೂ ಆಸ್ಪತ್ರೆಯ ಬಿಲ್ ಕಾರ್ಡಿನ ಮೇಲೆಯೇ. ಒಂದು ತಿಂಗಳ ಅಗತ್ಯ ಖರ್ಚಿನಷ್ಟಾದರೂ ಇಟ್ಟುಕೊಂಡು ಉಳಿದಿದ್ದನ್ನು ಕಂತಿಗೆ ಹಾಕುವುದೇ ಸರಿ ಎಂಬುದು ನನ್ನ ಹಟ.

ನನ್ನ ಷರತ್ತು ಒಂದೇ, ಆದರೆ ಅದರಲ್ಲಿ ರಿಯಾಯಿತಿ ಇಲ್ಲ: ಹಳೆಯ ಸಾಲಗಳಿಗೆಲ್ಲ ಸೇರಿ ತಿಂಗಳಿಗೆ ಎಷ್ಟು ಕಟ್ಟುತ್ತಿದ್ದಿರೋ ಹೊಸದಕ್ಕೂ ಅಷ್ಟೇ ಕಟ್ಟಬೇಕು. ದರ ಇಳಿಯಿತು ಎಂದು ಕಂತು ಇಳಿಸಿಕೊಂಡರೆ ನಾನು ಹೇಳಿದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ.

ವಿರೋಧ: ಆ ಸಾಲವನ್ನು ಯಾರೂ ನಿಮಗೆ ಮಾರುತ್ತಿಲ್ಲ

ಮೇಲಿನ ಲೆಕ್ಕದಲ್ಲಿ ತಪ್ಪಿಲ್ಲ. ತೊಂದರೆ ಏನೆಂದರೆ, 'ಇಷ್ಟೇ ಕಂತು ಕಟ್ಟಿ ಬೇಗ ತೀರಿಸಿ' ಎಂದು ಹೇಳುವ ಸಾಲದ ಏಜೆಂಟ್ ಇನ್ನೂ ಹುಟ್ಟಿಲ್ಲ. ಅವನು ಬಂದು ಕೇಳುವ ಮೊದಲ ಪ್ರಶ್ನೆ, 'ಈಗ ತಿಂಗಳಿಗೆ ಎಷ್ಟು ಕಟ್ತಾ ಇದ್ದೀರಿ ಸಾರ್?' ಎರಡನೆಯ ಮಾತು, 'ನಾನು ಅದನ್ನ ಅರ್ಧ ಮಾಡಿಕೊಡ್ತೀನಿ.'

ಮಾಡಿಯೂ ಕೊಡುತ್ತಾನೆ. ಒಂದು ಲಕ್ಷವನ್ನು 15%ಕ್ಕೆ ಏಳು ವರ್ಷಕ್ಕೆ ಎಳೆದರೆ ಕಂತು ಬರೀ 1,930. ಆಫರ್ ಪತ್ರದಲ್ಲಿ ಈ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ. ಒಟ್ಟು ಕಟ್ಟಬೇಕಾದ ಮೊತ್ತ, ಸುಮಾರು 1,62,000, ಎಲ್ಲೋ ಮೂರನೇ ಪುಟದ ಕೋಷ್ಟಕದ ಕೊನೆಯ ಸಾಲಿನಲ್ಲಿ. ಈಗ ಇದನ್ನು ಹೋಲಿಸಿ ನೋಡಿ: ಹಳೆಯ 36% ಸಾಲವನ್ನೇ ಹಲ್ಲು ಕಚ್ಚಿ ತಿಂಗಳಿಗೆ 4,580ರಂತೆ ಮೂರು ವರ್ಷದಲ್ಲಿ ತೀರಿಸಿದರೆ ಒಟ್ಟು ಕಟ್ಟುವುದು ಸುಮಾರು 1,65,000. ಬಡ್ಡಿ ದರ ಅರ್ಧಕ್ಕಿಂತ ಕೆಳಗಿಳಿದರೂ ಉಳಿದದ್ದು 3,000ದೊಳಗೆ. ಅದರಲ್ಲಿ 2% ಪ್ರೊಸೆಸಿಂಗ್ ಶುಲ್ಕ ಎಂದು 2,000 ಹೋಯಿತು. ಹಳೆಯ ಸಾಲವನ್ನು ಅವಧಿಗೆ ಮುಂಚೆ ಮುಚ್ಚಿದ್ದಕ್ಕೆ ಶುಲ್ಕ ಬಿದ್ದರೆ ಉಳಿದದ್ದೂ ಹೋಯಿತು. ಏನೂ ಉಳಿಸದೆ ನಾಲ್ಕು ವರ್ಷ ಹೆಚ್ಚು ಸಾಲಗಾರನಾಗಿ ಬದುಕಲು ಇಷ್ಟೆಲ್ಲ ಸಹಿ.

'ಕಂತು ಇಳಿಸಿಕೊಳ್ಳಬೇಡಿ' ಎಂಬ ಷರತ್ತು ಕೇಳಲು ಚೆನ್ನ. ಕೊರಳಿಗೆ ಬಂದಿರುವವನ ಕಂತನ್ನು 3,500ರಿಂದ 1,930ಕ್ಕೆ ಇಳಿಸಿ, ಕೈಗೆ ತಿಂಗಳಿಗೆ 1,570 ಸಡಿಲ ಕೊಟ್ಟು 'ಮುಟ್ಟಬೇಡ' ಎಂದರೆ ಎಷ್ಟು ತಿಂಗಳು ಮುಟ್ಟದೆ ಇದ್ದಾನು?

15% ಯಾರಿಗೆ ಸಿಗುತ್ತದೆ ಎಂಬುದೂ ಒಂದು ಪ್ರಶ್ನೆ. ಒಂದೂ ಕಂತು ತಪ್ಪಿಸದೆ, ಒಳ್ಳೆಯ ಸ್ಕೋರ್ ಇಟ್ಟುಕೊಂಡವರಿಗೆ. ನಿಜಕ್ಕೂ ಮುಳುಗುತ್ತಿರುವವರು ನಾಲ್ಕು ಗಡುವು ತಪ್ಪಿಸಿ ಆಗಿರುತ್ತದೆ. ಅವರಿಗೆ ಹೇಳುವ ದರವೇ ಬೇರೆ, ಇಲ್ಲವೇ ಅರ್ಜಿಯೇ ತಿರಸ್ಕೃತ. ಇಂಥವರಿಗೇ 'ಬರೀ 12%, ಫ್ಲಾಟ್' ಎಂಬ ಸಾಲ ಸಿಗುವುದು. ಫ್ಲಾಟ್ ದರದಲ್ಲಿ ಬಡ್ಡಿಯನ್ನು ಇಳಿಯುತ್ತಾ ಹೋಗುವ ಬಾಕಿಯ ಮೇಲೆ ಹಾಕುವುದಿಲ್ಲ, ಮೊದಲು ಕೊಟ್ಟ ಪೂರ್ತಿ ಮೊತ್ತದ ಮೇಲೆ ಕೊನೆಯ ತಿಂಗಳವರೆಗೂ ಹಾಕುತ್ತಾರೆ. ಒಂದು ಲಕ್ಷಕ್ಕೆ ಮೂರು ವರ್ಷ 12% ಫ್ಲಾಟ್ ಎಂದರೆ ಬಡ್ಡಿ 36,000, ಕಂತು 3,778. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದು ಸುಮಾರು 21%. ಹನ್ನೆರಡು ಎಂದು ಹೇಳಿ ಇಪ್ಪತ್ತೊಂದು ವಸೂಲಿ ಮಾಡುವುದಕ್ಕೆ ಅಂಗಡಿಯಲ್ಲಾದರೆ ಮೋಸ ಎನ್ನುತ್ತಿದ್ದೆವು.

ನನಗೆ ಎಲ್ಲಕ್ಕಿಂತ ಭಯವಾಗುವುದು ಅಡಮಾನದ ವಿಷಯ. ಮನೆಯನ್ನೋ ಚಿನ್ನವನ್ನೋ ಇಟ್ಟರೆ ದರ ಇನ್ನೂ ಇಳಿಯುತ್ತದೆ, ಅದು ನಿಜ. ಕಾರ್ಡಿನ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಇರುವುದಿಲ್ಲ. ಕಟ್ಟಲಾಗದಿದ್ದರೆ ಫೋನ್ ಬರುತ್ತದೆ, ನೋಟಿಸ್ ಬರುತ್ತದೆ, ಕೇಸೂ ಆಗಬಹುದು. ನೇರವಾಗಿ ಮನೆ ಹರಾಜಿಗೆ ಬರುವುದಿಲ್ಲ. ಅದೇ ಸಾಲವನ್ನು ಮನೆಯ ಮೇಲೆ ಹಾಕಿದ ದಿನದಿಂದ, ಮುಗಿದು ಎಷ್ಟೋ ಕಾಲವಾದ ಪ್ರವಾಸದ, ಹಳೆಯದಾದ ಫೋನಿನ ಬಾಕಿಗೆ ಮನೆಯೇ ಪಣ. ಕೆಲಸ ಹೋದರೆ ಹೋಗುವುದು ಸ್ಕೋರ್ ಮಾತ್ರವಲ್ಲ, ಸೂರು. ಹೊಸ ಸಾಲಕ್ಕೆ ಬಂಧುಗಳಲ್ಲೊಬ್ಬರ ಜಾಮೀನು ಕೇಳಿದರೆ, ಅಲ್ಲಿಯವರೆಗೆ ನಿಮ್ಮೊಬ್ಬರದಾಗಿದ್ದ ಕಷ್ಟಕ್ಕೆ ಅವರನ್ನೂ ಎಳೆದಂತೆ.

ಇನ್ನು ಖಾಲಿಯಾದ ಕಾರ್ಡುಗಳು. ಸಾಲ ವರ್ಗವಾದ ಮರುದಿನ ಆ್ಯಪ್ ತೆರೆದರೆ 'ಲಭ್ಯ ಮಿತಿ' ಪೂರ್ತಿ ತುಂಬಿ ನಿಂತಿರುತ್ತದೆ. ಆದಾಯಕ್ಕಿಂತ ಖರ್ಚು ತಿಂಗಳಿಗೆ 2,000 ಹೆಚ್ಚಿರುವ ಮನೆಯಲ್ಲಿ ಆ 2,000 ಈಗಲೂ ಎಲ್ಲಿಂದಲೋ ಬರಲೇಬೇಕು, ಬರುವುದು ಅಲ್ಲಿಂದಲೇ. ಎರಡು ವರ್ಷ ಕಳೆದರೆ ಕೂಡಿಸಿದ ಸಾಲವೂ ಇರುತ್ತದೆ, ಕಾರ್ಡಿನ ಮೇಲೆ ಹೊಸದಾಗಿ ಅರ್ಧ ಲಕ್ಷವೂ ಇರುತ್ತದೆ. ಕಾಯಿಲೆ, ಕೆಲಸ ಹೋದದ್ದು ಇಂಥ ಒಂದು ಬಾರಿಯ ಹೊಡೆತದಿಂದ ಸಾಲವಾಗಿ, ಈಗ ಆದಾಯ ಸರಿಹೋಗಿದ್ದರೆ ಕೂಡಿಸುವುದಕ್ಕೆ ನನ್ನ ತಕರಾರಿಲ್ಲ. ತಿಂಗಳ ಕೊರತೆಯಿಂದ ಬೆಳೆದ ಸಾಲಕ್ಕೆ ಮಾತ್ರ ಅದು ಮದ್ದಲ್ಲ.

ಹಾಗಾದರೆ ಏನು ಮಾಡಬೇಕು? ಹೊಸ ಸಾಲ ಎತ್ತದೆ ಮೊದಲು ಮೂರು ತಿಂಗಳು ಖರ್ಚಿನ ಲೆಕ್ಕ ನಡೆಸಿ ನೋಡಿ. ಏನೂ ಮಿಗದಿದ್ದರೆ ಯಾವ ಕಂತನ್ನೂ ಬಹುಕಾಲ ಕಟ್ಟಲಾಗುವುದಿಲ್ಲ, ಆಗ ಮಾತು ಆದಾಯದ ಬಗ್ಗೆ ಆಗಬೇಕು. ಮಿಕ್ಕಿದರೆ, ಎಲ್ಲ ಸಾಲಕ್ಕೂ ಕನಿಷ್ಠ ಕಟ್ಟಿ, ಮಿಕ್ಕಿದ್ದನ್ನು ಹೆಚ್ಚು ಬಡ್ಡಿಯ ಸಾಲಕ್ಕೆ ಸುರಿಯುವುದು ಲೆಕ್ಕಕ್ಕೆ ಲಾಭ. ಆದರೆ 67,000, 25,000, 8,000 ಎಂದು ಮೂರಿದ್ದರೆ, ದರದ ವ್ಯತ್ಯಾಸ ಅಷ್ಟೇನೂ ಇಲ್ಲದಿದ್ದರೆ, ನಾನು 8,000ವನ್ನು ಮೊದಲು ಮುಗಿಸು ಎನ್ನುತ್ತೇನೆ. ನಾಲ್ಕಾರು ತಿಂಗಳಲ್ಲಿ ಒಂದು ಖಾತೆ ಮುಚ್ಚುತ್ತದೆ, ಅದರ ಕಂತು ಮುಂದಿನದಕ್ಕೆ ಸೇರಿಕೊಳ್ಳುತ್ತದೆ.

ಸಾಲ ಕೊಟ್ಟವರ ಜೊತೆ ಮಾತಾಡುವುದನ್ನು ಜನ ಕೊನೆಗೆ ಇಟ್ಟುಕೊಳ್ಳುತ್ತಾರೆ, ಅದು ಮೊದಲಾಗಬೇಕು. ಕಂತು ತಪ್ಪುವ ಮುಂಚೆಯೇ ಕರೆ ಮಾಡಿ ಕಷ್ಟ ಹೇಳಿದರೆ ದರ ಇಳಿಸುವ, ಬಾಕಿಯನ್ನು ನಿಗದಿತ ಕಂತುಗಳಿಗೆ ತಿರುಗಿಸುವ ದಾರಿಗಳು ಹಲವು ಕಡೆ ಇರುತ್ತವೆ. ಕೇಳದವರಿಗೆ ಹೇಳುವುದಿಲ್ಲ ಅಷ್ಟೆ. ಬ್ರಿಟನ್ನಿನಲ್ಲಿ 2018ರ ನಿಯಮದ ಪ್ರಕಾರ, 18 ತಿಂಗಳಲ್ಲಿ ಅಸಲಿಗಿಂತ ಬಡ್ಡಿ-ಶುಲ್ಕವನ್ನೇ ಹೆಚ್ಚು ಕಟ್ಟಿದ ಗ್ರಾಹಕರನ್ನು ಕಾರ್ಡ್ ಕಂಪನಿಯೇ ಗುರುತಿಸಿ ಸಂಪರ್ಕಿಸಬೇಕು. ನಡುವೆ ಬಂದು 'ನಿಮ್ಮ ಸಾಲ ನಾವು ತೀರಿಸಿಕೊಡ್ತೀವಿ, ಮೊದಲು ನಮ್ಮ ಫೀಸ್ ಕಟ್ಟಿ' ಎನ್ನುವವರಿಂದ ದೂರ ಇರಿ. ಫೋನಿನಲ್ಲಿ ಇಂಥ ಸೇವೆ ಮಾರುವವರು ಕೆಲಸಕ್ಕೆ ಮುಂಚೆ ಫೀಸ್ ಕೀಳುವುದನ್ನು ಅಮೆರಿಕ 2010ರಲ್ಲೇ ನಿಷೇಧಿಸಿದೆ.

ಅರ್ಧಕ್ಕೆ ಸೆಟ್ಲ್‌ಮೆಂಟ್ ಮಾಡಿಕೊಳ್ಳಿ, ಅಂದರೆ ಬಾಕಿಯ ಅರ್ಧ ಕಟ್ಟಿ ಸಾಲ ಮುಗಿಸಿಕೊಳ್ಳಿ, ಎಂಬ ಆಸೆ ತೋರಿಸಿದರೆ, ಅದು ಪೂರ್ತಿ ತೀರಿಸಿದ ಸಾಲದಂತೆ ದಾಖಲಾಗುವುದಿಲ್ಲ, ವರ್ಷಗಟ್ಟಲೆ ಕ್ರೆಡಿಟ್ ವರದಿಯಲ್ಲಿ ಉಳಿಯುತ್ತದೆ ಎಂಬುದು ಗೊತ್ತಿರಲಿ. ಫೋನಿನಲ್ಲಿ ಏನೇ ಒಪ್ಪಿದರೂ, ಹೊಸ ದರ, ಕಂತು, ಕೊನೆಯ ತಾರೀಕು ಮೂರನ್ನೂ ಬರಹದಲ್ಲಿ ತರಿಸಿಕೊಂಡ ಮೇಲೆಯೇ ಮೊದಲ ಕಂತು ಕಟ್ಟಿ. ಮುಂದಿನ ತಿಂಗಳು ಆ ಕಡೆ ಫೋನ್ ಎತ್ತುವವರು ಬೇರೆಯವರಾಗಿರುತ್ತಾರೆ, ಅವರಿಗೆ ನಿಮ್ಮ ಮಾತುಕತೆ ಗೊತ್ತಿರುವುದಿಲ್ಲ.