ಪ್ರಿಂಟ್ ಒಂದಿಲ್ಲ, ಮಿಕ್ಕಿದ್ದೆಲ್ಲಾ ಇದೆ

ಮಾರ್ಚ್ 3 ಬಂತು ಅಂದ್ರೆ ಸಾಕು, ವಾಟ್ಸಾಪ್ ತುಂಬ ಅದೇ ಮಸುಕು ಫೋಟೋ, ಕನ್ನಡದ ಮೊದಲ ಟಾಕಿಗೆ, ಅಂದ್ರೆ ಮಾತಾಡೋ ಸಿನಿಮಾಗೆ, ಹುಟ್ಟುಹಬ್ಬದ ಶುಭಾಶಯ. ಸತಿ ಸುಲೋಚನ, 1934, ಬೆಂಗಳೂರು ಸಿಟಿ ಮಾರ್ಕೆಟ್ ಹತ್ರದ ಪ್ಯಾರಾಮೌಂಟ್ ಟಾಕೀಸು. ಶಾಲು, ಪೇಟ, ಹಣ್ಣಿನ ಬುಟ್ಟಿ, ಕೇಕು ಎಲ್ಲಾ ರೆಡಿ. ಸಿನಿಮಾ ಒಂದು ಬಿಟ್ಟು. ಅದರ ಒಂದೇ ಒಂದು ಪ್ರಿಂಟೂ ಉಳಿದಿಲ್ಲ.

ಒಂಥರಾ ಒಳ್ಳೇದೇ ಆಯ್ತು ಬಿಡಿ. ಸೆಕೆಂಡ್ ಹಾಫ್ ಲ್ಯಾಗ್ ಅನ್ನೋರಿಲ್ಲ, ಟ್ರೋಲ್ ಪೇಜಿನೋರ ಕಾಟ ಇಲ್ಲ, ಭಾಷಣಕಾರರಿಗಂತೂ ಸುಗ್ಗಿ, ಏನ್ ಹೊಗಳಿದ್ರೂ ಅಲ್ಲ ಅನ್ನೋಕೆ ನೋಡಿದೋರು ಯಾರಿದಾರೆ.

ಡೈರೆಕ್ಟರ್ ವೈ.ವಿ. ರಾವ್ ಅಂದ್ರೆ ಯಾರಪ್ಪಾ ಅದು ಅಂತೀವಿ, ನಟಿ ಜೂಲಿ ಲಕ್ಷ್ಮಿ ಅವರ ಅಪ್ಪ ಅಂದ್ರೆ ಓ ಹೌದಾ ಅಂತೀವಿ. ನೆಲ್ಲೂರಿನೋರು, ಮೂಕಿ ಕಾಲದಿಂದ ಬಣ್ಣ ಹಚ್ಚಿದೋರು, ಈ ಸಿನಿಮಾ ಡೈರೆಕ್ಟ್ ಮಾಡಿ ಅದರಲ್ಲೇ ಲಕ್ಷ್ಮಣನ ಪಾರ್ಟೂ ಮಾಡಿದ್ರು. ದುಡ್ಡು ಹಾಕಿದ್ದು ಮಾರ್ವಾಡಿ ಚಮನ್‌ಲಾಲ್ ಡೂಂಗಾಜಿ, ಶೂಟಿಂಗ್ ಕೊಲ್ಹಾಪುರದಲ್ಲಿ, ಯಾಕಂದ್ರೆ ಇಲ್ಲಿ ಸ್ಟುಡಿಯೋನೇ ಇರ್ಲಿಲ್ಲ. ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ನಾಗೇಂದ್ರರಾಯರು, ಇವರು ನಮ್ಮ ನಾಟಕ ಕಂಪನಿಯೋರು. ಈಗ ಆಗಿದ್ರೆ ಮುಹೂರ್ತದ ದಿನವೇ ಪರಭಾಷಿಕರ ದಬ್ಬಾಳಿಕೆ ಅಂತ ಹ್ಯಾಷ್‌ಟ್ಯಾಗ್ ಬಿದ್ದಿರೋದು.

ಸ್ಟುಡಿಯೋ ಅಂದಾಗ ನೆನಪಾಯ್ತು, ಸರ್ಕಾರ ಕಟ್ತೀವಿ ಕಟ್ತೀವಿ ಅಂತಲೇ ಇರೋ ನಮ್ಮ ಫಿಲಂ ಸಿಟಿ! ಯಾವ ಮೆಗಾ ಸೀರಿಯಲ್ಲೂ ಅದರ ಮುಂದೆ ನಿಲ್ಲಲ್ಲ. ಒಬ್ರು ಸಿಎಂ ಬಂದ್ರೆ ಮೈಸೂರು, ಇನ್ನೊಬ್ರು ಬಂದ್ರೆ ರಾಮನಗರ, ಆಮೇಲೆ ಬೆಂಗಳೂರಿನ ರೋರಿಚ್ ಎಸ್ಟೇಟು, ತಿರುಗಾ ಮೈಸೂರು. ಅಷ್ಟರಲ್ಲಿ ನಮ್ಮ ಯೂನಿಟ್‌ಗಳು ದೊಡ್ಡ ಸೆಟ್ ಅಂದ್ರೆ ಬ್ಯಾಗ್ ಕಟ್ಕೊಂಡು ರಾಮೋಜಿಗೆ. ಅವತ್ತು ಕೊಲ್ಹಾಪುರ, ಇವತ್ತು ಹೈದರಾಬಾದು, ಮುಂದುವರೆದಿದೀವಿ ಅಲ್ವಾ.

ಇದೇ ರಾವ್ 1937ರಲ್ಲಿ ತಮಿಳಲ್ಲಿ ಚಿಂತಾಮಣಿ ಮಾಡಿದ್ರು, ಮದ್ರಾಸಿನ ಒಂದೇ ಥಿಯೇಟರಲ್ಲಿ ವರ್ಷದ ಮೇಲೆ ಓಡ್ತು, ಆ ಲಾಭದಲ್ಲಿ ಮದುರೈಯಲ್ಲಿ ಅದೇ ಹೆಸರಿನ ಟಾಕೀಸ್ ಎದ್ದು ನಿಲ್ತು. ನಾವು ಪ್ಯಾರಾಮೌಂಟನ್ನೂ ಉಳಿಸ್ಕೊಳ್ಳಲಿಲ್ಲ.

ಆ ಕಾಲದ ನೈಟ್ರೇಟ್ ರೀಲು ಕಿಡಿ ತಾಗಿದ್ರೆ ಧಗ್ ಅಂತ ಉರಿಯೋದು, ಅದರೊಳಗಿನ ಬೆಳ್ಳಿ ತೆಗೆಯೋಕೆ ಅಂತಾನೇ ಎಷ್ಟೋ ರೀಲು ಹಾಳು ಮಾಡಿದ್ರು, ಪುಣೆಯ ಫಿಲಂ ಆರ್ಕೈವ್ ಶುರುವಾಗಿದ್ದೇ 1964ರಲ್ಲಿ, ಎಲ್ಲಾ ಒಪ್ಪೋಣ. ಆದ್ರೆ ನಮ್ಮ ಕಣ್ಣೆದುರೇ ಬಂದ ಸಿನಿಮಾಗಳ ಗತಿ ನೋಡಿ. ಯೂಟ್ಯೂಬಲ್ಲಿ ಮೂಲೆಗೊಂದು ಟಿವಿ ಲೋಗೋ, ಹೀರೋ ತಲೆ ಅರ್ಧ ಕಟ್ಟು, ಹಾಡು ಮಧ್ಯದಲ್ಲಿ ಮಾಯ. ನಗು ಬರಲ್ಲ ಕಣ್ರೀ, ಸಾಕಾಗಿದೆ. ಹೂವಿನ ಹಾರಕ್ಕೆ ದುಡ್ಡಿದೆ, ರೀಲು ಇಡೋಕೆ ಒಂದು ತಣ್ಣನೆ ರೂಮಿಗೆ ಇಲ್ವಾ?

ಸುಲೋಚನೆ ಕಥೆಯಲ್ಲಿ ಅವಳ ಗಂಡ ಇಂದ್ರಜಿತುವಿನ ತುಂಡಾದ ಕೈ ಬಂದು ಬಿದ್ದು, ತಾನು ಸತ್ತ ಸುದ್ದಿನ ತಾನೇ ಬರೆದು ತಿಳಿಸುತ್ತೆ. ಎರಡೂ ಕೈ ನೆಟ್ಟಗಿರೋ ಇಲಾಖೆಯೋರು ಯಾವ ನೆಗೆಟಿವ್ ಯಾರ ಮನೆ ಅಟ್ಟದಲ್ಲಿದೆ ಅಂತ ಒಂದು ಲಿಸ್ಟ್ ಬರೆದಿಟ್ರೆ ಸಾಕಿತ್ತು. ಆದ್ರೆ 2019ರ ರಾಜ್ಯ ಪ್ರಶಸ್ತಿನ 2025ರಲ್ಲಿ ಅನೌನ್ಸ್ ಮಾಡಿದೋರ ಹತ್ರ ಹೋಗಿ ಸ್ವಾಮಿ ಸ್ವಲ್ಪ ಅರ್ಜೆಂಟು ಅಂತ ಯಾವ ಬಾಯಲ್ಲಿ ಹೇಳೋದು.