ಆರುನೂರು ಕಿಲೋಮೀಟರ್ ಆಳದ ‘ಸಮುದ್ರ’ ಬೋರ್‌ವೆಲ್‌ಗೆ ಸಿಗುತ್ತಾ?

ಗದಗ ಕಡೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: “ಭೂಮಿಯೊಳಗೆ ಸಮುದ್ರ ಸಿಕ್ಕಿದೆ, ಬೋರ್ ಇನ್ನಷ್ಟು ಆಳಕ್ಕೆ ಇಳಿಸಿದರೆ ನೀರು ಬತ್ತುವುದೇ ಇಲ್ಲ.” ಇದು ತಪ್ಪು.

ಸುದ್ದಿಯ ಬೇರು ಮಾತ್ರ ನಿಜ, ಅದು ಬಹಳ ಸೊಗಸಾದ ಸಂಗತಿ. ಬ್ರೆಜಿಲ್‌ನ ಒಂದು ಪುಟ್ಟ ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣ ಇರುವುದು 2014ರಲ್ಲಿ ವರದಿಯಾಯಿತು. ಈ ಖನಿಜ ಭೂಮಿಯಲ್ಲಿ ಹುಟ್ಟುವುದು ಸುಮಾರು 520ರಿಂದ 660 ಕಿಲೋಮೀಟರ್ ಆಳದಲ್ಲಿ. ಆ ಕಣದ ತೂಕದಲ್ಲಿ ಶೇ 1ಕ್ಕಿಂತ ಜಾಸ್ತಿ ನೀರಿತ್ತು. ಆದರೆ ಹರಿಯುವ ನೀರಲ್ಲ. ಹೈಡ್ರೋಜನ್ ಅಲ್ಲಿನ ಆಮ್ಲಜನಕಕ್ಕೆ ಅಂಟಿಕೊಂಡು ಹರಳಿನೊಳಗೇ ಸೇರಿಹೋಗಿರುತ್ತದೆ. ಎಷ್ಟು ಹಿಂಡಿದರೂ ಹನಿ ಬರುವುದಿಲ್ಲ. ಈ ಖನಿಜವಿರುವ ಆಳದ ಪದರ ಅಷ್ಟು ದೊಡ್ಡದಾದ್ದರಿಂದ ಒಟ್ಟು ಲೆಕ್ಕ ಸಮುದ್ರದಷ್ಟಾಗಬಹುದು, ಅಷ್ಟೇ. ಸಮುದ್ರತಳದ ಶಿಲೆಗಳು ಕೆಳಗೆ ಜಾರುವಾಗ ನೀರು ಒಳಗೆ ಹೋಗುತ್ತದೆ. ಜ್ವಾಲಾಮುಖಿಗಳಿಂದ ಆವಿಯಾಗಿ ಸ್ವಲ್ಪ ವಾಪಸ್ ಬರುತ್ತದೆ.

ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ. ಅದೂ 12 ಕಿಲೋಮೀಟರ್ ಚಿಲ್ಲರೆ.

ನಮ್ಮ ಬೋರ್‌ಗೆ ಬರುವುದು ಬಂಡೆಯ ಬಿರುಕುಗಳಿಗೆ ಇಳಿದ ಮಳೆನೀರು. ತುಂಬಾ ಕೆಳಗೆ ಹೋದರೆ ಬಿರುಕುಗಳೇ ಕಡಿಮೆ ಅಲ್ವಾ? ಈ ಸಂದೇಶ ನಂಬಿ ಸಾಲ ಮಾಡಿ ಕೊರೆಸಬೇಡಿ. ಆ ದುಡ್ಡಿನಲ್ಲಿ ಹೊಲಕ್ಕೊಂದು ಕೃಷಿಹೊಂಡ ತೆಗೆಸಿ.